ಕಿರಣದಲ್ಲೂ ಅಣ್ಣನಿಗೇ ದೊಡ್ಡ ಪಾಲು

ಜೂನ್ 6

ಇವತ್ತೂ ಹ್ಯಾಂಡಲ್ ಅಣ್ಣನ ಕೈಯಲ್ಲೇ. ನನಗೆ ಫಿಲ್ಮ್ ಕಟ್ಟುವ ಕೆಲಸ. ಪೈಪಿನ ಬೆಸುಗೆಗೆ ಫಿಲ್ಮ್ ಸುತ್ತು, ಟೇಪ್ ಹಚ್ಚು, ಟ್ಯೂಬಿನ ತುದಿಯನ್ನು ಎದುರು ಬದಿಗೆ ಕಟ್ಟು, ಓಡು. ಅಣ್ಣ ದೂರದಲ್ಲಿ ನಿಂತು ಹ್ಯಾಂಡಲ್ ತಿರುಗಿಸುತ್ತಾನೆ. ಸೀಸದ ಪೆಟ್ಟಿಗೆಯೊಳಗಿನ ವಿಕಿರಣದ ಕಾಳು ಕೇಬಲ್ಲಿನ ತುದಿಗೆ ಸಿಕ್ಕಿಕೊಂಡು ಟ್ಯೂಬಿನೊಳಗೆ ಹರಿದು ಪೈಪಿನ ಹತ್ತಿರ ಹೋಗುತ್ತದೆ. ಅದರ ಕಿರಣ ಉಕ್ಕನ್ನು ಹಾದು, ಬೆಸುಗೆಯ ಹುಳುಕನ್ನೆಲ್ಲ ಫಿಲ್ಮಿನ ಮೇಲೆ ಬರೆಯುತ್ತದೆ. ಹಿಂದಕ್ಕೆ ತಿರುಗಿಸಿದರೆ ಕಾಳು ಮತ್ತೆ ಪೆಟ್ಟಿಗೆಗೆ. ಮೆಣಸಿನ ಕಾಳಿಗಿಂತ ದೊಡ್ಡದಲ್ಲ. ಪೆಟ್ಟಿಗೆ ಮಾತ್ರ ಎತ್ತಿದವನ ಸೊಂಟ ಕೇಳುತ್ತದೆ.

ಕಾಳು ವಾಪಸು ಬಂತೋ ಇಲ್ಲವೋ ನೋಡಲು ಮೀಟರ್ ಅಂತ ಒಂದಿದೆ. ನಮ್ಮಲ್ಲಿ ಅದು ವ್ಯಾನಿನ ಕನ್ನಡಿಗೆ ನೇತಾಡುತ್ತದೆ. ಅಧಿಕಾರಿಗಳು ಬಂದಾಗ ಇಳಿಸುತ್ತೇವೆ. ಮಿಕ್ಕ ದಿನ ಅಣ್ಣನ ಕೈಯೇ ಮೀಟರ್. ತಿರುಗಿಸುತ್ತ ತಿರುಗಿಸುತ್ತ ಕಣ್ಣು ಮುಚ್ಚಿ, "ಕೂತಿತು" ಅನ್ನುತ್ತಾನೆ. ಕಾಳು ಪೆಟ್ಟಿಗೆಯಲ್ಲಿ ಕೂತದ್ದು ಅವನ ಅಂಗೈಗೆ ತಿಳಿಯುತ್ತದಂತೆ. ಎಂಜಿನಿಯರ್ ಸಾಹೇಬರು ಇವತ್ತು ಹೊಸದಾಗಿ ಸೇರಿದವರನ್ನು ಕರೆತಂದು ತೋರಿಸಿದರು, ಮೃಗಾಲಯ ತೋರಿಸುವ ಹಾಗೆ. "ನೋಡ್ರಪ್ಪ, ಕೈ ಅಂದ್ರೆ ಇದು."

ನನಗೂ ಎರಡು ಕೈ ಇವೆ. ಯಾರೂ ತೋರಿಸಲಿಲ್ಲ.

ಒಂದೇ ಒಂದು ಸಲ ನನಗೆ ಕೊಡು ಅಂತ ಕೇಳಿದೆ.

"ಮೀಸೆ ಬರ್ಲಿ, ತಡಿ."

ಮೀಸೆ ಬಂದು ಮೂರು ವರ್ಷವಾಯಿತು. ಅವನ ಕಣ್ಣಿಗೆ ಮಾತ್ರ ಬಿದ್ದಿಲ್ಲ. ಸೇಡಿಗಾಗಿ ಅವನ ಚಹಾಕ್ಕೆ ಉಪ್ಪು ಹಾಕಿದೆ. ಪೂರ್ತಿ ಕುಡಿದು "ಚೆನ್ನಾಗಿದೆ ಕಣೋ" ಅಂದ. ಇಂಥ ಮನುಷ್ಯನನ್ನು ಸೋಲಿಸುವುದು ಹೇಗೆ.

ಜೂನ್ 9, ಸಂಜೆ

ಈ ದಿನ ಬೆಳಿಗ್ಗೆ ಹೊಸಬರ ಎದುರಿಗೇ ಮತ್ತೆ ಹ್ಯಾಂಡಲ್ ಕೇಳಿದೆ. ಎದುರಿಗೇ ಇಲ್ಲ ಅಂದ. ಆದಕಾರಣ ನಾನು ಮುಷ್ಕರ ಹೂಡಬೇಕಾಯಿತು. ವ್ಯಾನಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತೆ. ಬೇಡಿಕೆ ಈಡೇರುವವರೆಗೆ ಫಿಲ್ಮ್ ಕಟ್ಟುವುದಿಲ್ಲ ಎಂದು ಕಿಟಕಿಯಿಂದ ಘೋಷಿಸಿದೆ.

"ಆಗ್ಲಿ. ಮಹಾರಾಜರು ವಿಶ್ರಾಂತಿ ತಗೊಳ್ಳಿ" ಅಂದ ಅಣ್ಣ. ನನ್ನ ಕೆಲಸವನ್ನೂ ಅವನೇ ಮಾಡಿದ. ಫಿಲ್ಮ್ ಕಟ್ಟಿ ಓಡಿಬಂದು ಹ್ಯಾಂಡಲ್ ತಿರುಗಿಸುವುದು, "ಕೂತಿತು" ಅನ್ನುವುದು, ಓಡಿಹೋಗಿ ಟ್ಯೂಬಿನ ತುದಿ ಬಿಚ್ಚಿ ಮುಂದಿನ ಬೆಸುಗೆಗೆ ಕಟ್ಟುವುದು. ಪೈಪಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತುದಿಯನ್ನು ಬಲಗೈಯಲ್ಲಿ ಹಿಡಿದುಕೊಂಡೇ ಟೇಪ್ ಹರಿಯುತ್ತಿದ್ದ. ಇಬ್ಬರಿದ್ದಾಗಿನದಕ್ಕಿಂತ ಬೇಗ ಮುಗಿಸಿದ ಎಂಬುದು ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು.

ಕೊನೆಗೆ ಕೂಗಿದ. "ಮುಷ್ಕರ ಮುಗೀತೇನೋ? ಟ್ಯೂಬಾದ್ರೂ ಹೊತ್ಕೊಂಡು ಬಾ." ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದು ವ್ಯಾನಿನ ಹಿಂದಕ್ಕೆ ಎಸೆದೆ. ಅಷ್ಟೇ ನನ್ನ ಇಂದಿನ ದುಡಿಮೆ.

ವಾಪಸು ಬರುವಾಗ ಅಣ್ಣ ವ್ಯಾನ್ ನಿಲ್ಲಿಸಿ ರಸ್ತೆ ಪಕ್ಕ ವಾಂತಿ ಮಾಡಿದ. ಸ್ವಲ್ಪ ದೂರ ಹೋಗಿ ಮತ್ತೆ. ಮನೆಗೆ ಬಂದ ಮೇಲೆ ಮತ್ತೆ. ಈಗ ನನಗೂ ಒಂದು ಸಲ ಆಯಿತು. ಕ್ಯಾಂಟೀನಿನ ಮೊಟ್ಟೆಯ ಮೇಲೆ ಅಮ್ಮ ಆರೋಪಪಟ್ಟಿ ಸಲ್ಲಿಸಿದ್ದಾಳೆ. ಅಣ್ಣನ ಅಂಗೈ ಕೆಂಪಗಾಗಿದೆ. ಹಗ್ಗ ಎಳೆದ ಹಾಗೆ.

ಡಾರ್ಕ್ ರೂಮಿನಿಂದ ಫೋನ್ ಬಂತು. ಇವತ್ತಿನ ಫಿಲ್ಮ್ ಎಲ್ಲ ಮಸಿ. ಒಂದೂ ಉಳಿದಿಲ್ಲ. ಆ ಮಹಾನ್ ಕೈಯ ಫಿಲ್ಮುಗಳು... ನನಗೆ ಸಂತೋಷವಾಯಿತು ಎಂದು ದಾಖಲಿಸಲು ವಿಷಾದವಾಗುತ್ತದೆ. ಅಷ್ಟೇನೂ ವಿಷಾದವಿಲ್ಲ.

ಜೂನ್ 10

ಎಂಜಿನಿಯರ್ ಸಾಹೇಬರು ಓಡಿದ್ದನ್ನು ಇದೇ ಮೊದಲು ನೋಡಿದ್ದು. ಮೀಟರ್ ಹಿಡಿದು, ನಿನ್ನೆ ನಾವು ಟ್ಯೂಬ್ ಇಳಿಸಿಟ್ಟ ಸ್ಟೋರ್ ರೂಮಿನ ಬಾಗಿಲ ಹತ್ತಿರ ಹೋದರು. ಒಳಗೆ ಕಾಲಿಡುವ ಮೊದಲೇ ಅದು ಕಿರುಚಿಕೊಂಡಿತು. ಸಾಹೇಬರು ತಿರುಗಿ ನಮ್ಮ ಕಡೆ ಓಡಿ ಬಂದರು. ಮುಖದಲ್ಲಿ ರಕ್ತ ಇರಲಿಲ್ಲ.

ಆಗಿದ್ದು ಇಷ್ಟು. ಕೇಬಲ್ಲಿನ ತುದಿಯ ಕೊಕ್ಕೆ ಸವೆದಿತ್ತು. ಮೊದಲ ಬೆಸುಗೆಯಲ್ಲೇ ಕಾಳು ಕಳಚಿಕೊಂಡು ಟ್ಯೂಬಿನ ತುದಿಯಲ್ಲಿ ಉಳಿದುಬಿಟ್ಟಿದೆ. ಬರಿಯ ಕೇಬಲ್ ವಾಪಸು ಬಂದಿದೆ. ಅಣ್ಣನ ಅಂಗೈ ಅದಕ್ಕೇ "ಕೂತಿತು" ಅಂದಿದೆ. ಆಮೇಲೆ ಅಷ್ಟೂ ಬೆಸುಗೆಗಳಿಗೆ ಆ ತುದಿಯನ್ನೇ ಕೈಯಲ್ಲಿ ಹಿಡಿದು ತಿರುಗಿದ್ದಾನೆ. ಎರಡೂವರೆ ಗಂಟೆ. ಮೀಟರ್ ನನ್ನ ಮೂಗಿನ ಮುಂದೆ, ಕನ್ನಡಿಗೆ ನೇತಾಡುತ್ತಿತ್ತು. ಸ್ವಿಚ್ ಆಫ್.

ಆಂಬುಲೆನ್ಸ್ ಬಂತು. ಮಲಗುವ ಜಾಗ ಅಣ್ಣನಿಗೆ. ನನಗೆ ಬೆಂಚು.

ಜೂನ್ 11

ಆಸ್ಪತ್ರೆ. ಅಕ್ಕಪಕ್ಕ ಎರಡು ಗಾಜಿನ ಕೋಣೆ, ಅವನಿಗೊಂದು ನನಗೊಂದು. ಮಾತಾಡಲು ಗೋಡೆಗೆ ಫೋನ್ ಇದೆ. ಅವನ ಕೋಣೆಗೆ ಎರಡು ಕಿಟಕಿ. ಗಮನಿಸಲಾಗಿದೆ.

ಡಾಕ್ಟರಮ್ಮ ಬಂದು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು. ವಾಂತಿ ಯಾವಾಗ ಶುರುವಾಯಿತು? ಅಣ್ಣ, ಕೆಲಸ ಮುಗಿಯುತ್ತಿದ್ದ ಹಾಗೇ ಅಂದ. ನಾನು, ಸಂಜೆ ಅಂದೆ. ಬೇಗ ಬಂದಷ್ಟೂ ಹೆಚ್ಚು ಕಿರಣ ಬಿದ್ದಿದೆ ಅಂತ ಲೆಕ್ಕವಂತೆ. ಪದೇ ಪದೇ ರಕ್ತ ತೆಗೆದು ಬಿಳಿ ರಕ್ತಕಣ ಎಣಿಸುತ್ತಾರೆ. ಅಣ್ಣನವು ಅಟ್ಟದಿಂದ ಗುಂಡುಕಲ್ಲು ಉರುಳಿದ ಹಾಗೆ ಇಳಿಯುತ್ತಿವೆ. ನನ್ನವು ಮಂಡಿನೋವಿನ ಮುದುಕ ಮೆಟ್ಟಿಲು ಇಳಿದ ಹಾಗೆ.

"ನಿಮ್ಮದು ಮೈಲ್ಡ್" ಅಂದರು ಡಾಕ್ಟರಮ್ಮ.

ಮೈಲ್ಡ್. ಈ ಜನ್ಮದಲ್ಲಿ ಬಹಳ ಬೈಗುಳ ತಿಂದಿದ್ದೇನೆ. ಇಷ್ಟು ನೋಯಿಸಿದ್ದು ಯಾವುದೂ ಇಲ್ಲ.

ದಪ್ಪ ಕನ್ನಡಕದ ಸಿಸ್ಟರ್‌ಗೆ ಹೇಳಿದೆ, ದೀಪ ಆರಿಸಿ ನೋಡಿ, ನಾನು ಹೊಳೆಯುತ್ತೇನೆ. ಪಾಪ, ಆರಿಸಿದರು. ಡಾಕ್ಟರಮ್ಮ ಬಂದು ನನಗೆ ಬೈದರು, ಅವರಿಗೂ ಬೈದರು. "ಇವರ ಮೈಯಲ್ಲಿ ಈಗ ಏನೂ ಉಳಿದಿಲ್ಲ. ಮುಟ್ಟಿದ್ರೆ ಯಾರಿಗೂ ಏನೂ ಆಗಲ್ಲ. ಬಾಣ ಹೊರಟುಹೋಯ್ತು, ಗಾಯ ಮಾತ್ರ ಒಳಗಿದೆ."

ಜೂನ್ 14

ಅಣ್ಣ ಕಲ್ಲುಗುಂಡಿನ ಹಾಗಿದ್ದಾನೆ. ವಾಂತಿ ನಿಂತಿದೆ. ಎರಡು ಪಾಲು ಊಟ ಮಾಡುತ್ತಾನೆ. ಅಂಗೈ ಕೆಂಪು, ಬೆರಳುಗಳು ಊದಿ ಬಾಳೆಕಾಯಿಯಷ್ಟಾಗಿವೆ. ಅದನ್ನು ಬಿಟ್ಟರೆ ಅರಸೊತ್ತಿಗೆ. ಎಂಜಿನಿಯರ್ ಸಾಹೇಬರು ಹಣ್ಣು ತಂದರು, ಅವನಿಗೆ. ಹೊಸಬರು ಬಂದು ಗಾಜಿನ ಆಚೆ ಕೈಕಟ್ಟಿ ನಿಂತರು, ಅವನ ಮುಂದೆ. ಅಮ್ಮ ಬೆಳಿಗ್ಗೆಯಿಂದ ಅವನ ಫೋನಿನಲ್ಲೇ. ನನ್ನ ಕಡೆ ಬಂದು, "ನಿಂಗೇನಪ್ಪ, ಗಟ್ಟಿಮುಟ್ಟಾಗಿದೀಯ" ಅಂದು ಹೋದಳು.

ಗಟ್ಟಿಮುಟ್ಟಾಗಿರುವುದು ಅಪರಾಧವೆಂದು ನನಗೆ ತಿಳಿದಿರಲಿಲ್ಲ.

ಕಾಗದದ ಮೇಲೆ 'ಬಾಡಿಗೆಗಿದೆ, ಒಳಗೆ ವಿಚಾರಿಸಿ' ಎಂದು ದಪ್ಪಕ್ಷರದಲ್ಲಿ ಬರೆದು, ಸಿಸ್ಟರನ್ನು ಕಾಡಿ ಬೇಡಿ ಅಣ್ಣನ ಗಾಜಿಗೆ ಅಂಟಿಸಿದೆ. ಅಣ್ಣ ಬಿದ್ದು ಬಿದ್ದು ನಕ್ಕ. ಡಾಕ್ಟರಮ್ಮ ನಗಲಿಲ್ಲ. ಅದನ್ನು ಕಿತ್ತು ಮಡಚಿ ಜೇಬಿಗೆ ಹಾಕಿಕೊಂಡು ನನ್ನ ಕೋಣೆಗೆ ಬಂದರು.

"ನಿಮ್ಮಣ್ಣ ಚೆನ್ನಾಗಿದಾರೆ ಅಂದ್ಕೊಂಡಿದೀರಾ?"

"ನನಗಿಂತ ಚೆನ್ನಾಗಿದಾನೆ."

"ಗದ್ದೆ ಸುಟ್ಟುಹೋಗಿದೆ. ಕಣಜದಲ್ಲಿ ಹಳೇ ದಾಸ್ತಾನು ಇರೋವರೆಗೂ ಹೀಗೇ ಇರ್ತಾರೆ. ಅದು ಮುಗಿಯುತ್ತೆ, ಇನ್ನೊಂದು ವಾರ, ಹತ್ತು ದಿನ. ಆಮೇಲೆ ಹೊಸದು ಬರಲ್ಲ. ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೆಯಲ್ಲಿ. ಅದೇ ಹೋಗಿದೆ."

ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಅಣ್ಣನಿಗೆ ಅರ್ಧ ಹೇಳಿದ್ದಾರಂತೆ. ಪೂರ್ತಿ ಸಿಕ್ಕಿದ್ದು ನನಗೆ. ಅವನಿಗಿಂತ ದೊಡ್ಡ ಪಾಲು ನನಗೆ ಸಿಕ್ಕಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಎಲ್ಲಿ ಇಡಲಿ ಇದನ್ನು.

ಜೂನ್ 17

ದಾರಿ ಇದೆ. ಬೇರೆಯವರ ಮಜ್ಜೆ ತೆಗೆದು ಅಣ್ಣನಿಗೆ ಕೊಡುವುದು. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ಹೆಚ್ಚು. ತಂಗಿಯ ರಕ್ತ, ನನ್ನ ರಕ್ತ ಎರಡೂ ಮೊನ್ನೆಯೇ ಪರೀಕ್ಷೆಗೆ ಹೋಗಿವೆ.

ತಂಗಿ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೆರಳಿಗೆ ಸೂಜಿ ಚುಚ್ಚಿದರೆ ಅಂಗಡಿಯೇ ಎದ್ದು ನಿಲ್ಲುವಂತೆ ಅಳುವವಳು. ಅವಳಿಗೆ ಫೋನಿನಲ್ಲಿ ವಿವರವಾಗಿ ತಿಳಿಸಿದೆ: ಸೂಜಿ ಇಷ್ಟುದ್ದ, ನೇರ ಸೊಂಟದ ಮೂಳೆಗೆ, ಕೊರೆದು ಕೊರೆದು.

"ಸುಳ್ಳು ಹೇಳ್ತಿದೀಯ ಚಿಕ್ಕಣ್ಣ."

"ಅರಿವಳಿಕೆ ಕೊಡ್ತಾರಂತೆ. ಕೆಲವರಿಗೆ ಹಿಡಿಯೋದೇ ಇಲ್ಲವಂತೆ."

ಅತ್ತಳು. ಸ್ಪರ್ಧಿಯನ್ನು ಕಣದಿಂದ ಹಿಂದಕ್ಕೆ ಸರಿಸುವುದು ರಾಜಕೀಯದಲ್ಲಿ ಸಾಮಾನ್ಯ.

ಜೂನ್ 19

ಫಲಿತಾಂಶ ಪ್ರಕಟ. ತಂಗಿ ಅರ್ಧ ಹೊಂದುತ್ತಾಳೆ. ನಾನು ಪೂರ್ತಿ. ಡಾಕ್ಟರಮ್ಮನೇ ಹೇಳಿದರು, ಅಚ್ಚು ಒತ್ತಿದ ಹಾಗೆ ಇದೆಯಂತೆ. ಶಾಲೆಯಲ್ಲಿ ಎಂದೂ ಬಾರದ ಅಂಕ.

ಕೂಡಲೇ ಫೋನ್ ಎತ್ತಿ ವಿಜಯೋತ್ಸವ ಭಾಷಣ ಮಾಡಿದೆ. ಅಣ್ಣ ಗಾಜಿನ ಆಚೆ ಕಿವಿಗೆ ಫೋನ್ ಒತ್ತಿಕೊಂಡು ಕೇಳಿದ. ದನಿ ಸ್ವಲ್ಪ ಇಳಿದಿದೆ.

"ಅಯ್ಯೋ, ನಿನ್ನ ಮಜ್ಜೆ ಹಾಕಿದ್ರೆ ನಾನೂ ಕೋತಿ ಆಗ್ತೀನಲ್ಲೋ."

"ಆಗು. ನಿನಗೂ ತಿಳಿಯಲಿ ಕೋತಿಯ ಕಷ್ಟ."

ಡಾಕ್ಟರಮ್ಮ ಇನ್ನೂ ಹೋಗಿರಲಿಲ್ಲ. ನಾನು ಫೋನ್ ಇಡುವವರೆಗೆ ಕಾದು ನಿಂತಿದ್ದರು.

"ನಿಮ್ಮದು ತಗೊಳ್ಳೋಕಾಗಲ್ಲ."

ನನಗೆ ತಮಾಷೆ ಅನಿಸಿತು. ತಮಾಷೆ ಮಾಡುವುದು ನಾನು, ಅವರಲ್ಲ.

"ಟ್ಯೂಬ್ ಹೆಗಲ ಮೇಲೆ ಹೊತ್ತಿದ್ರಲ್ಲ. ನಿಮ್ಮ ಮಜ್ಜೆಗೂ ಪೆಟ್ಟು ಬಿದ್ದಿದೆ. ಇರೋದು ನಿಮಗೇ ಸಾಲುತ್ತೋ ಇಲ್ವೋ ನೋಡ್ಬೇಕು. ತೆಗೆದ್ರೆ ನಿಮಗೂ ಅಪಾಯ, ಅವರಿಗೂ ಉಪಯೋಗ ಇಲ್ಲ."

"ಮೈಲ್ಡ್ ಅಂದ್ರಲ್ಲ ಮೇಡಂ."

"ಬದುಕೋದಕ್ಕೆ ಮೈಲ್ಡ್. ಕೊಡೋದಕ್ಕಲ್ಲ."

ಪೈಪಿನಿಂದ ವ್ಯಾನಿಗೆ ಎಷ್ಟು ದೂರ? ಒಂದು ಹಾಡು ಅರ್ಧ ಗುನುಗುವಷ್ಟು. ಅಷ್ಟರಲ್ಲಿ.

ತಂಗಿ ಕೊಡುತ್ತಾಳೆ. ಅರ್ಧ ಹೊಂದುವವಳು. ಪೂರ್ತಿ ಹೊಂದುವವನು ಇಲ್ಲಿ ಮಂಚದ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಾನೆ.

ಜೂನ್ 21

ಕೊಟ್ಟಳು. ಅಳಲಿಲ್ಲ. ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ರಾಣಿಯ ಹಾಗೆ ನನ್ನ ಗಾಜಿನ ಮುಂದೆ ಹಾದುಹೋದಳು. ಸೊಂಟ ಹಿಡಿದುಕೊಂಡಿದ್ದಳು, ಆದರೂ ಕೈಬೀಸಿದಳು. ಮಜ್ಜೆ ಅನ್ನುವುದು ನೋಡಲು ರಕ್ತದ ಹಾಗೇ ಇದೆ. ಒಂದು ಚೀಲ. ಹನಿಹನಿಯಾಗಿ ಅಣ್ಣನ ನರಕ್ಕೆ ಇಳಿಯಿತು. ಅಮ್ಮ ಗಾಜಿಗೆ ಹಣೆ ಹಚ್ಚಿ ಚೀಲ ಬರಿದಾಗುವವರೆಗೂ ನಿಂತಿದ್ದಳು. ಅವಳಿಗೆ ಈಗ ಎಲ್ಲ ಗೊತ್ತು.

ಡಾಕ್ಟರಮ್ಮ ಇನ್ನೊಂದು ಹೇಳಿದರು. ತಂಗಿಯ ಮಜ್ಜೆ ಬೇರುಬಿಟ್ಟರೆ ಅಣ್ಣನ ರಕ್ತದ ಗುಂಪು ಬದಲಾಗಿ ಅವಳದ್ದಾಗುತ್ತದಂತೆ. ಅಣ್ಣನದು, ನನ್ನದು ಒಂದೇ ಗುಂಪು. ಈ ಮನೆಯಲ್ಲಿ ಅವನ ಜೊತೆ ನನಗೆ ಸಮಪಾಲಿದ್ದದ್ದು ಅದೊಂದೇ.

"ಇನ್ಮೇಲೆ ದೊಡ್ಡಣ್ಣ ನಮ್ಮ ಪಾರ್ಟಿ" ಅಂತ ತಂಗಿ ಫೋನಿನಲ್ಲಿ ಅಂದಳು.

ಸಂಜೆಯವರೆಗೆ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಗಲಿಲ್ಲ, ಮಲಗಿದ್ದಳು.

ಜೂನ್ 27

ಅಣ್ಣನ ಕೂದಲು ಉದುರುತ್ತಿದೆ. ಬೆಳಿಗ್ಗೆ ತಲೆ ಎತ್ತಿದ, ಕೂದಲು ದಿಂಬಿನಲ್ಲೇ ಉಳಿಯಿತು. ಒಂದು ಹಿಡಿ ಎತ್ತಿ ನನಗೆ ತೋರಿಸಿದ, ಎಡಗೈಯಲ್ಲಿ. ಬಲಗೈ ಬ್ಯಾಂಡೇಜಿನೊಳಗಿದೆ. ಬೊಬ್ಬೆಗಳು ಒಡೆದು, ಒಳಗೆ ಬೆರಳ ತುದಿಗಳು ಕಪ್ಪಗಾಗುತ್ತಿವೆಯಂತೆ.

ನನ್ನ ಕೂದಲು ಎಳೆದು ನೋಡಿದೆ. ಬರಲಿಲ್ಲ. ಜೋರಾಗಿ ಎಳೆದೆ. ಕಣ್ಣಲ್ಲಿ ನೀರು ಬಂತು, ಕೂದಲು ಬರಲಿಲ್ಲ. ಸಿಸ್ಟರ್ ಒಳಗೆ ಬಂದು ನೋಡಿ, "ಏನ್ ಮಾಡ್ತಿದೀರಿ?" ಅಂದರು.

"ಸ್ಪರ್ಧೆ" ಅಂದೆ.

ಬಾಯೊಳಗೆಲ್ಲ ಹುಣ್ಣಾಗಿದೆ ಅವನಿಗೆ. ಮಾತು ಕಷ್ಟ. ಈಗ ನಾನು ಫೋನಿನಲ್ಲಿ ಮಾತಾಡುತ್ತೇನೆ, ಅವನು ಕೇಳುತ್ತಾನೆ. ಬಾಲ್ಯದಿಂದ ಇದೇ ಆಸೆಯಿತ್ತು. ಅಡ್ಡಬಾಯಿ ಹಾಕುವವರಿಲ್ಲದೆ ಭಾಷಣ. ಐದು ನಿಮಿಷದಲ್ಲಿ ಮಾತು ಮುಗಿಯಿತು.

ಜುಲೈ 1

ನನಗೆ ಜ್ವರ. ನನ್ನ ಲೆಕ್ಕವೂ ತಳ ಮುಟ್ಟಿದೆ. ಕೋಣೆಗೆ ಬರುವವರೆಲ್ಲ ಮುಖಕ್ಕೆ ಕೈಗೆ ಕಾಲಿಗೆ ಕಟ್ಟಿಕೊಂಡು ಬರುತ್ತಾರೆ. ಅಣ್ಣನಿಗೆ ಒಸಡಿನಿಂದ ರಕ್ತ. ಭೇದಿಯಲ್ಲೂ ರಕ್ತ ಅಂತ ಸಿಸ್ಟರ್ ಇನ್ನೊಬ್ಬರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಕರುಳಿನ ಒಳಪದರವನ್ನೂ ಕಿರಣ ಸುಟ್ಟಿದೆ.

ಅಮ್ಮ ಇವತ್ತು ನನ್ನ ಗಾಜಿಗೆ ಬರಲೇ ಇಲ್ಲ. ನನಗೂ ಜ್ವರ ಇದೆ ಅಮ್ಮ. ನೂರಮೂರು. ಕಡಿಮೆಯೇನಲ್ಲ.

ಬರೆದ ಮೇಲೆ ಓದಿದೆ. ಹೊಡೆದು ಹಾಕೋಣ ಅಂದುಕೊಂಡೆ... ಇರಲಿ.

ಜುಲೈ 12

ಬರೆಯಲಿಲ್ಲ. ಜ್ವರ ಬಿಟ್ಟಿತು, ನನಗೆ. ಅಣ್ಣನಿಗಿಲ್ಲ. ಶ್ವಾಸಕೋಶಕ್ಕೆ ಸೋಂಕು. ಬಾಯಿಗೆ ಕೊಳವೆ. ಗಾಜಿಗೆ ಪರದೆ ಎಳೆದಿದ್ದಾರೆ. ಬಿಳಿಕಣದ ಲೆಕ್ಕ ಕೇಳಿದೆ. ಲೆಕ್ಕವೇ ಇಲ್ಲವಂತೆ, ಎಣಿಸಲು ಏನೂ ಸಿಗುತ್ತಿಲ್ಲ.

ನನ್ನದು ಏರುತ್ತಿದೆ. ಇತಿಹಾಸದಲ್ಲಿ ಮೊಟ್ಟಮೊದಲ ಬಾರಿಗೆ ಅಣ್ಣನಿಗಿಂತ ನನಗೆ ಜಾಸ್ತಿ. ಇದನ್ನು ಹೇಳಿ ಕುಣಿಯಬೇಕಾದದ್ದು ಅವನೆದುರಿಗೇ.

ಡಾಕ್ಟರಮ್ಮನನ್ನು ತಡೆದು ಕೇಳಿದೆ, ಈಗ ನನ್ನದು ಏರಿದೆಯಲ್ಲ, ತೆಗೆದುಕೊಳ್ಳಿ. ಎರಡು ಚೀಲ ತೆಗೆದುಕೊಳ್ಳಿ.

"ಇನ್ನೂ ಚಿಗುರು. ಕಿತ್ರೆ ನಿಮಗೂ ಇಲ್ಲ, ಅವರಿಗೂ ಇಲ್ಲ."

"ತಂಗಿಯದು?"

"ಕಾಯ್ತಿದೀವಿ."

ಜುಲೈ 13

ಪರದೆ.

ಜುಲೈ 14

ಪರದೆ. ಅಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾಳೆ. ಪಕ್ಕದಲ್ಲಿ ತಂಗಿ. ಹೊಟ್ಟೆಕಿಚ್ಚು ಪಡಲು ಏನೂ ಸಿಗುತ್ತಿಲ್ಲ. ಹುಡುಕಿದೆ.

ಜುಲೈ 18

ಬೆಳಿಗ್ಗೆ ಸಿಸ್ಟರ್ ಬಂದು ನನ್ನ ಜ್ವರ ನೋಡುವ ನೆಪದಲ್ಲಿ ಕಿವಿಯ ಹತ್ತಿರ ಬಗ್ಗಿ ಹೇಳಿದರು: ಬಂದಿದೆ. ಸ್ವಲ್ಪ. ಆದರೆ ಎಣಿಸುವಷ್ಟು.

ತಂಗಿಯ ಮುಖ ನೋಡಬೇಕಿತ್ತು. "ನನ್ನ ಕಣಗಳು ಕೆಲಸಕ್ಕೆ ಹೋಗಿವೆ" ಅಂತ ಕಾರಿಡಾರಿನಲ್ಲಿ ಹೋಗುವವರು ಬರುವವರಿಗೆಲ್ಲ ಹೇಳುತ್ತಿದ್ದಾಳೆ, ಗಂಡುಮಕ್ಕಳನ್ನು ನೌಕರಿಗೆ ಕಳಿಸಿದ ತಾಯಿಯ ಹಾಗೆ.

ಬರಲಿ. ಯಾರದ್ದಾದರೂ ಬರಲಿ. ಹೀಗೆ ಅಂದುಕೊಂಡೆ ನಿಜ. ಅರ್ಧ ಗಂಟೆಯವರೆಗೆ. ಆಮೇಲೆ ಮತ್ತೆ ಉರಿಯತೊಡಗಿತು, ಅವಳದ್ದೇ ಯಾಕೆ ಅಂತ. ಇದು ಒಳ್ಳೆಯ ಲಕ್ಷಣ ಅನಿಸುತ್ತದೆ.

ಜುಲೈ 22

ದೊಡ್ಡ ಸುದ್ದಿ. ಡಾಕ್ಟರಮ್ಮ ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು. ಅಣ್ಣನ ರಕ್ತದಲ್ಲಿ ಈಗ ಹುಟ್ಟುತ್ತಿರುವ ಕಣಗಳನ್ನು ಪರೀಕ್ಷೆ ಮಾಡಿದ್ದಾರೆ. ಅವು ಹೆಣ್ಣಿನ ಕಣಗಳಲ್ಲ. ಗಂಡಿನವು.

"ಅಂದ್ರೆ?" ಅಂದಳು ಅಮ್ಮ.

"ಅಂದ್ರೆ ಅವರದ್ದೇ. ತಂಗಿಯದು ನಿಲ್ಲಲಿಲ್ಲ. ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡ್ತಿದ್ದಾಗ ಸೊಂಟದ ಎಡಭಾಗಕ್ಕೆ ಪೈಪಿನ ಉಕ್ಕು ಅಡ್ಡ ಇತ್ತು ಅಂತ ಕಾಣುತ್ತೆ. ಅಲ್ಲಿ ಮಜ್ಜೆಯ ಒಂದು ಮೂಲೆ ಸುಡದೆ ಉಳ್ಕೊಂಡಿತ್ತು. ಅಲ್ಲಿಂದ ಚಿಗುರಿದೆ."

ತಂಗಿ ತುಟಿ ಕಚ್ಚಿಕೊಂಡಳು. "ಹಂಗಾದ್ರೆ ನಂದು ವೇಸ್ಟಾ?"

"ಕೆಲವು ದಿನ ಕೋಟೆ ಕಾದಿರಬಹುದು. ಇಲ್ಲ ಅಂತ ಹೇಳೋಕೆ ನಾನು ತಯಾರಿಲ್ಲ" ಅಂದರು ಡಾಕ್ಟರಮ್ಮ.

ಅಂದರೆ ಅವನಿಗೆ ಯಾರ ಹಂಗೂ ಬೇಕಾಗಲಿಲ್ಲ. ಪೂರ್ತಿ ಹೊಂದುವವನೂ ಬೇಡ, ಅರ್ಧ ಹೊಂದುವವಳೂ ಬೇಡ. ಸಾಯುವ ಹಾಸಿಗೆಯಲ್ಲೂ ಸ್ವಂತ ದುಡಿಮೆ. ಎಂಥ ದುರಹಂಕಾರಿ.

ಆಮೇಲೆ ತಂಗಿ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಈಗ ನನ್ನ ಬಳಿ ಬರಬಹುದು. ಒಂದು ಬಿಸ್ಕತ್ ಪೊಟ್ಟಣ ಒಡೆದು ಇಬ್ಬರೂ ತಿಂದೆವು. ಸೋತ ಅಭ್ಯರ್ಥಿಗಳ ಸಭೆ.

"ಚಿಕ್ಕಣ್ಣ, ಸೂಜಿ ಅಷ್ಟುದ್ದ ಇರಲಿಲ್ಲ" ಅಂದಳು.

"ನಿನ್ನ ಧೈರ್ಯ ಪರೀಕ್ಷೆ ಮಾಡಿದ್ದೆ."

"ಅದಕ್ಕಿಂತ ಉದ್ದ ಇತ್ತು." ಕೈ ಅಗಲಿಸಿ ತೋರಿಸಿದಳು. ಅರ್ಧ ಬಿಸ್ಕತ್ ಹೆಚ್ಚಿಗೆ ಕೊಟ್ಟೆ.

ಜುಲೈ 27

ನಾಳೆ ಅಣ್ಣನ ಬಲಗೈ ತೆಗೆಯುತ್ತಾರೆ. ಮಣಿಕಟ್ಟಿನ ಮೇಲಕ್ಕೆ. ಬೆರಳುಗಳು ಇದ್ದಿಲಾಗಿವೆ. ಕಾಳನ್ನು ಹಿಡಿದ ಕೈಯಲ್ಲವೇ, ಮೈಗೆಲ್ಲ ಬಿದ್ದದ್ದರ ಹತ್ತಾರು ಪಟ್ಟು ಅಲ್ಲಿಗೇ ಬಿದ್ದಿದೆ. ರಕ್ತದ ಲೆಕ್ಕ ಏರಲಿ ಅಂತ ಕಾಯುತ್ತಿದ್ದರು. ಏರಿತು. ಏರಿದ್ದಕ್ಕೆ ಇದು ಬಹುಮಾನ.

ಇವತ್ತು ಮೊದಲ ಸಲ ನನ್ನನ್ನು ಅವನ ಕೋಣೆಗೆ ಬಿಟ್ಟರು. ಗೌನು, ಟೋಪಿ, ಮಾಸ್ಕ್. ತಲೆ ಬೋಳು, ಕೆನ್ನೆ ಒಳಗೆ. ಅರ್ಧ ಅಣ್ಣ ಉಳಿದಿದ್ದಾನೆ.

"ಏನೋ ಮಹಾರಾಜ, ಮುಷ್ಕರ ಮುಗೀತಾ?" ದನಿ ಮರಳುಕಾಗದ ಉಜ್ಜಿದ ಹಾಗಿದೆ.

ಕುರ್ಚಿ ಎಳೆದು ಕೂತೆ. ಅವನೇ ಮುಂದುವರಿದ.

"ಸತ್ತವರಿಗೆಲ್ಲ ಶ್ರದ್ಧಾಂಜಲಿ ಭಾಷಣ ಮಾಡ್ತಿದ್ದೆ ನೀನು, ಚಿಕ್ಕವನಿದ್ದಾಗ. ಹಲ್ಲಿಗೆ ಮಾಡಿದೆ. ಇಲಿಗೆ ಮಾಡಿದೆ. ಇದಕ್ಕೂ ಒಂದು ಮಾಡು." ಬ್ಯಾಂಡೇಜ್ ಸುತ್ತಿದ ಕೈಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತಿದ.

"ಬೇಡ ಅಣ್ಣ."

"ಮಾಡೋ. ನಾಳೆ ಮಾಡಿದ್ರೆ ಅದಕ್ಕೆ ಕೇಳ್ಸಲ್ಲ."

ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. ಸಿಸ್ಟರ್ ಔಷಧದ ಸೀಸೆ ಹಿಡಿದು ಹಾಗೇ ನಿಂತರು.

"ಮಾನ್ಯ ಅಧ್ಯಕ್ಷರೇ, ದಪ್ಪ ಕನ್ನಡಕದ ಸಿಸ್ಟರವರೇ, ನೆರೆದಿರುವ ಡ್ರಿಪ್ ಬಾಟಲಿಗಳೇ. ಇಂದು ನಾವು ಬೀಳ್ಕೊಡುತ್ತಿರುವ ಈ ಬಲಗೈ ಸಾಮಾನ್ಯವಾದದ್ದಲ್ಲ. ಊಟಕ್ಕೆ ಕೂತಾಗ ಪಕ್ಕದವನ ತಟ್ಟೆಗೂ ತಲುಪುತ್ತಿದ್ದ ನೀಳ ಕೈ. ತಂಗಿಗೆ ಸೈಕಲ್ ಕಲಿಸುವಾಗ ಸೀಟು ಬಿಟ್ಟು, ಬಿಟ್ಟಿಲ್ಲ ಬಿಟ್ಟಿಲ್ಲ ಎಂದು ಸುಳ್ಳು ಹೇಳಿದ ಕೈ. ದೊಡ್ಡ ದೊಡ್ಡ ಎಂಜಿನಿಯರುಗಳು ಇದನ್ನು ಬೆರಳು ಮಾಡಿ ತೋರಿಸುತ್ತಿದ್ದರು. ತಮ್ಮನಾದ ನಾನು ಇದರ ಮೇಲೆ ಪಟ್ಟ ಹೊಟ್ಟೆಕಿಚ್ಚಿನಲ್ಲಿ ಒಂದು ಊರಿಗೆ ಅಡುಗೆ ಮಾಡಬಹುದಿತ್ತು. ಇದು ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ತಪ್ಪು ಹೇಳಿತು..."

ಸಿಸ್ಟರ್ ಮಾಸ್ಕಿನೊಳಗೆ ನಗುತ್ತಿದ್ದರು, ಭುಜ ಕುಣಿಯುತ್ತಿತ್ತು. ಅಣ್ಣನೂ ನಗುತ್ತಿದ್ದ, ಹುಣ್ಣು ನೋಯದ ಹಾಗೆ ತುಟಿ ಮುಚ್ಚಿಕೊಂಡು.

"ಮತ್ತು ಆ ದಿನ ಟ್ಯೂಬಿನ ತುದಿ ಹಿಡಿಯಬೇಕಾಗಿದ್ದದ್ದು ಇದಲ್ಲ. ಅದು ಇದರ ಕೆಲಸವೇ ಅಲ್ಲ. ಅದು ನನ್ನ..."

"ಭಾಷಣ ಉದ್ದ ಆಯ್ತು" ಅಂದ ಅಣ್ಣ.

"ಅಣ್ಣ, ನಾನು ವ್ಯಾನಲ್ಲಿ ಕೂತಿರದಿದ್ರೆ..."

"ನಿನ್ನ ಕೈ ಹೋಗ್ತಿತ್ತು. ಜೊತೆಗೆ ನೀನೂ. ನಿನ್ನ ಸೊಂಟದ ಮುಂದೆ ಪೈಪ್ ನಿಲ್ತಿತ್ತಾ? ನೀನು ಕೂತ್ಕೊಳ್ಳೋದೇ ಸೊಟ್ಟ." ಉಸಿರು ತೆಗೆದುಕೊಂಡ. "ಮೀಟರ್ ಇಳಿಸು ಅಂತ ಹೇಳ್ಬೇಕಾಗಿದ್ದು ನಾನು. ನನ್ನ ಕೈಗೇ ಕೊಬ್ಬಿತ್ತು. ಮುಗಿಸು ಈಗ. ಚಪ್ಪಾಳೆ ತಟ್ಟೋಣ ಅಂದ್ರೆ ಈಗಲೇ ಒಂದು ಕೈ ಕಮ್ಮಿ."

ಮುಗಿಸಲಾಗಲಿಲ್ಲ. ಮಾಸ್ಕ್ ಒದ್ದೆಯಾಯಿತು. ಒದ್ದೆಯಾದರೆ ಕೋಣೆಯಲ್ಲಿ ಇರುವಂತಿಲ್ಲವಂತೆ. ಸಿಸ್ಟರ್ ತೋಳು ಹಿಡಿದು ಹೊರಗೆ ಕರೆತಂದರು.

ಜುಲೈ 28

ಆಯಿತು. ಎಚ್ಚರವಾಗಿದೆ ಅವನಿಗೆ. ಇಲ್ಲದ ಬೆರಳು ತುರಿಸುತ್ತದಂತೆ.

ಆಗಸ್ಟ್ 11

ನನ್ನನ್ನು ಮನೆಗೆ ಕಳಿಸಿ ವಾರವಾಯಿತು. ದಿನವೂ ಬರುತ್ತೇನೆ. ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪರದೆ ಇಲ್ಲ, ಗಾಜೂ ಇಲ್ಲ, ಸಾಮಾನ್ಯ ವಾರ್ಡು. ಅವನಿಗೆ ಇಲ್ಲೂ ಕಿಟಕಿ ಪಕ್ಕದ ಹಾಸಿಗೆ.

ಡಾಕ್ಟರಮ್ಮ ಮುಂದಿನದ್ದನ್ನೂ ಮುಚ್ಚಿಡಲಿಲ್ಲ. ವರ್ಷಗಟ್ಟಲೆ ಬರುತ್ತಿರಬೇಕು, ಇಬ್ಬರೂ. ಕಣ್ಣು, ರಕ್ತ, ಎಲ್ಲ ನೋಡುತ್ತಿರಬೇಕು. ಬಾಣದ ಗಾಯ ಯಾವಾಗ ಬೇಕಾದರೂ ಕೆದರಬಹುದು. ಸರಿ ಅಂದೆವು.

ಬೆಳಿಗ್ಗೆ ಇಬ್ಬರ ರಕ್ತವನ್ನೂ ತೆಗೆದರು. ಈಗ ತಾನೇ ಚೀಟಿ ಬಂತು. ಬಿಳಿಕಣ ಅಣ್ಣನಿಗೆ ನನಗಿಂತ ಹೆಚ್ಚು. ಎರಡು ಸಲ ಓದಿದೆ. ಹೆಚ್ಚು. ಸತ್ತೇಹೋಗುತ್ತಾನೆ ಅಂದುಕೊಂಡಿದ್ದ ಮನುಷ್ಯ ನನ್ನನ್ನು ಹಿಂದೆ ಹಾಕಿದ್ದಾನೆ. ಅದು ಸಾಲದೆಂಬಂತೆ, ಎಡಗೈ ಒಂದರಲ್ಲೇ ಅಂಗಿಯ ಗುಂಡಿ ಹಾಕಲು ಕಲಿತಿದ್ದಾನೆ. ಪಂದ್ಯ ಕಟ್ಟಿದೆವು. ನನ್ನ ಎರಡು ಕೈಗೂ ಅವನ ಒಂದಕ್ಕೂ. ಸೋತೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ಎದುರು ಹಾಸಿಗೆಯ ಅಜ್ಜ ತನ್ನ ಹೆಂಡತಿಗೆ ತೋರಿಸಿದ, ನೋಡೇ ಆ ಹುಡುಗನ ಕೈ ಅಂತ.

ಹೊಟ್ಟೆ ಉರಿಯುತ್ತಿದೆ. ಎಷ್ಟು ದಿನದ ಮೇಲೆ... ಹಾಯಾಗಿ, ಧಗಧಗ ಉರಿಯುತ್ತಿದೆ.

ಅಣ್ಣ ಪೆನ್ನು ಕೇಳುತ್ತಿದ್ದಾನೆ. ಎಡಗೈಯಲ್ಲಿ ಸಹಿ ಅಭ್ಯಾಸ ಮಾಡಬೇಕಂತೆ. ಕೊಡುವುದಿಲ್ಲ ಅಂದೆ. ಇಡೀ ಆಸ್ಪತ್ರೆಯಲ್ಲಿ ನನ್ನದು ಅಂತ ಇರುವುದು ಇದೊಂದೇ. ಸಿಸ್ಟರನ್ನು ಕೇಳು ಅಂದೆ. ಬರೆಯುತ್ತಿದ್ದೇನೆ ಕಾಣುವುದಿಲ್ಲವೇ ಅಂದೆ. ಕೇಳುವ ಜಾತಿಯಲ್ಲ, ಆಗಲೇ ಮಂಚದ ಅಂಚಿಗೆ ಜರುಗಿ ಕೈ ಚಾಚಿ